ಅಕ್ಕನ ಗಾಳಿ

ದೀಪ ಆರಿಸಬೇಡಿ, ಇರಲಿ. ಇದು ಕಟ್ಟುಕತೆ ಅಲ್ಲ. ನನ್ನ ದೊಡ್ಡಮ್ಮನ ಮಗನ ಮನೇಲಿ ಆಗಿದ್ದು, ನಾನೇ ಕಣ್ಣಾರೆ ಕಂಡಿದ್ದು.

ಅವತ್ತು ಕೆಲಸ ಮುಗಿಸಿ ತಡವಾಗಿ ಬರ್ತಿದ್ದೆ. ಹಾಳು ಬಾವಿ ದಾಟಿದ್ರೆ ಅವನ ಕೋಣೆ ಕಿಟಕಿ. ಒಳಗಿಂದ ಸದ್ದು... ಹೀ... ಅಂತ ಸಣ್ಣ ಸಿಳ್ಳೆ ಒಳಕ್ಕೆ. ಆಮೇಲೆ ಸುಂಯ್ಯ್... ಅಂತ ಉದ್ದಕ್ಕೆ ಹೊರಕ್ಕೆ. ನನ್ನ ಕಾಲು ಅಲ್ಲೇ ನಿಂತುಹೋಯ್ತು. ಅದು ಅವನ ಅಕ್ಕನ ಉಬ್ಬಸದ ಉಸಿರು. ಅಕ್ಕ ಸತ್ತು ಆಗಲೇ ತಿಂಗಳಾಗಿತ್ತು.

ಅವಳ ತಮ್ಮ, ಅದೇ ನನ್ನ ದೊಡ್ಡಮ್ಮನ ಮಗನನ್ನ ನಾವೆಲ್ಲ ಟರ್ಬೊ ಅಂತೀವಿ. ಇನ್ನೂ ಕಟ್ಟದ ಮನೆಗಳನ್ನ ಕಟ್ಟಿ ಮುಗಿಸಿದ ಹಾಗೆ ಲ್ಯಾಪ್‌ಟಾಪಲ್ಲಿ ಬಿಡಿಸಿ ತೋರಿಸೋದು ಅವನ ಕಸುಬು. ಬೇಗ ಮುಗೀಲಿ ಅಂತ ಗ್ರಾಫಿಕ್ಸ್ ಚಿಪ್ಪನ್ನ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸ್ತಿದ್ದ. ಓವರ್‌ಕ್ಲಾಕ್ ಅಂತಾರೆ. ಹಾಗೆ ಓಡಿಸಿದ್ರೆ ಅದು ಕೆಂಡದ ಹಾಗೆ ಕಾಯುತ್ತೆ. ಒಳಗಿನ ಫ್ಯಾನಿನ ವೇಗ ಪೂರ್ತಿ ಏರಿಸಿಟ್ಟ. ಸಾಲಲಿಲ್ಲ. ಪರದೆ ಮೂಲೇಲಿ ಶಾಖ ತೊಂಬತ್ತು ಡಿಗ್ರಿ ದಾಟ್ತಿತ್ತು. ಆಗ ಏನು ಮಾಡಿದ ಗೊತ್ತಾ? ಅಕ್ಕನ ಟೇಬಲ್ ಫ್ಯಾನನ್ನ ಲ್ಯಾಪ್‌ಟಾಪ್ ಕಡೆ ತಿರುಗಿಸಿಬಿಟ್ಟ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ. ಆ ತಗಡಿನ ಕೋಣೇಲಿ ಇದ್ದದ್ದು ಅದೊಂದೇ ಫ್ಯಾನ್. ಮುಖಕ್ಕೆ ಗಾಳಿ ಬಿದ್ರೆ ಮಾತ್ರ ಅಕ್ಕನಿಗೆ ಉಸಿರು ಸಲೀಸು. ತಾಯಿ ಹೋದ ಮೇಲೆ ಅವನನ್ನ ಎತ್ತಿ ಆಡಿಸಿ ಸಾಕಿದವಳು ಅವಳು. ಇನ್ನೊಂದು ಫ್ಯಾನ್ ತರಬಾರದಿತ್ತಾ ಅಂತೀರಾ? ನಾನೂ ಕೇಳಿದ್ದೆ. "ನಾಳೆ ತರ್ತೀನಿ" ಅಂದಿದ್ದ.

"ತಮ್ಮಾ... ಸ್ವಲ್ಪ ಈ ಕಡೆ ತಿರುಗಿಸೋ..."

"ಇರಕ್ಕಾ, ತೊಂಬತ್ತಾಗಿದೆ. ಇದು ಸುಟ್ಟುಹೋದ್ರೆ ಗತಿಯೇನು?"

"ನಂಗೆ ಆಗ್ತಿಲ್ಲ ಕಣೋ..."

"ನಿಂದು ದಿನಾ ಇದ್ದಿದ್ದೇ."

ಇದನ್ನ ಅವನೇ ನನಗೆ ಹೇಳಿದ್ದು. ಸಾವಿನ ಮನೇಲಿ, ಚಹಾ ಕುಡೀತಾ. ಬೆಳಿಗ್ಗೆ ಅಕ್ಕ ಗೋಡೆಗೊರಗಿ ಕೂತೇ ಇದ್ಲಂತೆ, ಬಾಯಿ ತೆರೆದು. ಕೆಲಸ ಮಾತ್ರ ಹೊತ್ತಿಗೆ ಸರಿಯಾಗಿ ಮುಗೀತಂತೆ. ಪಾಪಿ!

ಸರಿ... ಆ ರಾತ್ರಿ ಬಾಗಿಲು ತಳ್ಳಿ ಒಳಗೆ ಹೋದೆ. ಟೇಬಲ್ ಫ್ಯಾನ್ ನಿಂತಿತ್ತು. ಸದ್ದು ಬರ್ತಿದ್ದದ್ದು ಲ್ಯಾಪ್‌ಟಾಪಿಂದ.

"ಏನೋ ಇದು?" ಅಂತ ಪಿಸುಗುಟ್ಟಿದೆ.

"ಒಳಗಿನ ಫ್ಯಾನ್ ಕಣೋ. ಏನೋ ಕೆಟ್ಟಿರಬೇಕು, ವೇಗ ಸೊನ್ನೆ ತೋರಿಸ್ತಿದೆ. ಆದ್ರೆ ಶಾಖ ನೋಡು, ಐವತ್ತು ದಾಟ್ತಾನೇ ಇಲ್ಲ!" ಅವನಿಗೆ ಖುಷಿಯೋ ಖುಷಿ.

ಮಾರನೇ ದಿನ ನಾನೇ ಹಟ ಹಿಡಿದು ರಿಪೇರಿ ಅಂಗಡಿಗೆ ಎಳ್ಕೊಂಡು ಹೋದೆ. ರಿಪೇರಿಯವರು ತಳದ ಮುಚ್ಚಳ ಬಿಚ್ಚಿ, ಅಂಗಡಿಯ ಪರದೆಗೆ ಸಿಕ್ಕಿಸಿ, ಲ್ಯಾಪ್‌ಟಾಪ್ ಆನ್ ಮಾಡಿದ್ರು. ಟರ್ಬೊ ತನ್ನ ಕೆಲಸ ಓಡಿಸಿದ. ಒಳಗಿನ ಫ್ಯಾನ್ ಅಲ್ಲಾಡದೆ ಕೂತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿದ್ರೂ ತಿರುಗಲಿಲ್ಲ. ಅದನ್ನ ಕಿತ್ತು ಮೇಜಿನ ಮೇಲಿಟ್ರು.

"ದೂಳು ನೋಡಿ ಸಾರ್. ಇದು ತಿರುಗದೆ ತಿಂಗಳಾಗಿದೆ."

ಹೀ... ಸುಂಯ್ಯ್...

ಸದ್ದು ನಿಲ್ಲಲಿಲ್ಲ. ಗಾಳಿ ಹೊರಗೆ ಬರೋ ಜಾಲರಿ ಹತ್ರ ನಾನು ಕೈ ಹಿಡಿದೆ. ಗಾಳಿ ಬರ್ತಿತ್ತು... ಬೆಚ್ಚಗೆ, ಒದ್ದೆ ಒದ್ದೆಯಾಗಿ. ರಿಪೇರಿಯವರು ಹಿಂದಕ್ಕೆ ಸರಿದ್ರು. "ಹೊಸ ಫ್ಯಾನ್ ಹಾಕಿ ಕೊಡ್ತೀನಿ. ಹಾಕಿದ ತಕ್ಷಣ ಇದನ್ನ ಇಲ್ಲಿಂದ ತಗೊಂಡು ಹೋಗ್ಬಿಡಿ" ಅಂದ್ರು.

ಟರ್ಬೊ ಬಗ್ಗಿ ಕಿವಿಯಿಟ್ಟ. ಮುಖ ಬಿಳಿಚಿಕೊಳ್ತು. ಅವನಿಗೂ ಗುರುತು ಸಿಕ್ಕಿತ್ತು, ಆಣೆ ಮಾಡಿ ಹೇಳ್ತೀನಿ. "ಅಕ್ಕಾ..." ಅಂದ, ಕೇಳಿಸಿಯೂ ಕೇಳಿಸದ ಹಾಗೆ. ಈಗಲಾದ್ರೂ ಅಳ್ತಾನೆ ಅಂದ್ಕೊಂಡೆ. ಅವನು ತಲೆಯೆತ್ತಿ ಪರದೆ ನೋಡಿದ. ಶಾಖ ನಲವತ್ತೆಂಟು.

"ಹೊಸ ಫ್ಯಾನ್ ಬೇಡ" ಅಂದ. "ಹಾಗೇ ಮುಚ್ಚಿ."

ಅವತ್ತಿಂದ ಚಿಪ್ಪನ್ನ ಇನ್ನೂ ಜೋರಾಗಿ ಓಡಿಸ್ತಿದ್ದಾನೆ. ನಂಬಿಕೆ ಬರದಿದ್ರೆ ಏಳಿ, ಈಗಲೇ ಆ ಕಿಟಕಿ ಹತ್ರ ಕರ್ಕೊಂಡು ಹೋಗ್ತೀನಿ. ಹಗಲೂ ರಾತ್ರಿ ಉಸಿರು ನಡೀತಾನೇ ಇರುತ್ತೆ. ನಡುವೆ ಒಮ್ಮೊಮ್ಮೆ ಕೆಮ್ಮು ಬಂದು ನಿಂತುಹೋಗುತ್ತೆ. ಆಗ ಅವನು ಕೀಬೋರ್ಡ್ ಮೇಲೆ ಅಂಗೈಯಲ್ಲಿ ಒಂದೇಟು ಬಡೀತಾನೆ. ಮತ್ತೆ ಶುರುವಾಗುತ್ತೆ.