ಜೋಲುಕಿವಿಯ ಮುಂದೆ ನಾಲ್ಕು ಮಾತು

ಸಭೆಯ ಅಧ್ಯಕ್ಷರೂ ನಮ್ಮೂರಿನ ಮುಖ್ಯಸ್ಥರೂ ಆದ ತ್ಸಿಮಿರೂಆ ಅವರೇ, ಹಳೇ ಮೂಳೆ ಹುಡುಕಲು ರಾಜಧಾನಿಯಿಂದ ಬಂದು ನಮ್ಮ ಕೆರೆ ಅಗೆದ ನೊರುಮಲಾಲ ಅಮ್ಮನವರೇ, ಹಿರಿಯರೇ, ಹುಣಸೆಮರದ ನೆರಳು ಸಾಲದೆ ಬಿಸಿಲಲ್ಲೇ ನಿಂತಿರುವ ಸಭಿಕರೇ,

ಮಾತಿಗೆ ಮೊದಲು ಕ್ಷಮೆ ಕೇಳುವುದು ನಮ್ಮ ಮಲಗಾಸಿ ಪದ್ಧತಿ. ‘ಹಿರಿಯರಿರುವಾಗ ಬಾಯಿ ತೆರೆದೆ, ಕ್ಷಮಿಸಿ’ ಎನ್ನಬೇಕು. ನಾನು ಅನ್ನಲಿಲ್ಲ. ಗುಸುಗುಸು ಕೇಳಿಸುತ್ತಿದೆ. ಊರ ಮಕ್ಕಳಿಗೆಲ್ಲ ಭಾಷಣ ಕಲಿಸಿದ ಮೇಷ್ಟರೇ ಮರೆತರೇ? ಮರೆತಿಲ್ಲ, ಕೊನೆಗೆ ಇಟ್ಟುಕೊಂಡಿದ್ದೇನೆ.

ಮೇಜಿನ ಮೇಲಿನ ಮೂಳೆಯನ್ನು ಎಲ್ಲರೂ ನೋಡಿದಿರಿ. ಕುಳ್ಳ ನೀರಾನೆಯದು. ಈ ದ್ವೀಪದಲ್ಲಿ ಈಗ ಒಂದೂ ಉಳಿದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಜೋಲುಕಿವಿ ಎಂದು ಹೆಸರು. ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ನಮ್ಮ ಮೂಲಜ್ಜಿಯನ್ನು ಅದು ಬೆನ್ನ ಮೇಲೆ ಹೊತ್ತು ದಡ ಸೇರಿಸಿತಂತೆ. ಅಂದಿನಿಂದ ಅದರ ಮಾಂಸ ನಮ್ಮ ಕುಲಕ್ಕೆ ಫಾದಿ, ಮುಟ್ಟಬಾರದ್ದು.

ಇಲ್ಲದ ಪ್ರಾಣಿಯ ಮಾಂಸ ಬಿಡುವುದು ಎಂಥ ಕಷ್ಟ, ಹೇಳಿ? ನನ್ನ ಅಪ್ಪ ಫನಾಹಿ ಬದುಕಿಡೀ ನಿಷ್ಠೆಯಿಂದ ಬಿಟ್ಟ. ಮೀನುಕಟ್ಟೆಯಲ್ಲಿ ಇದೇ ಅಧ್ಯಕ್ಷರು, ಆಗಿನ್ನೂ ಮೀಸೆ ಚಿಗುರುತ್ತಿತ್ತು, ದಿನಾ ಕೇಳುತ್ತಿದ್ದರು: “ಏನ್ ಮಾವ, ಇವತ್ತೂ ಜೋಲುಕಿವಿ ತಿನ್ಲಿಲ್ವಾ? ಭಾರಿ ವ್ರತ ಕಣಪ್ಪಾ ನಿಂದು.” ಅಧ್ಯಕ್ಷರೊಬ್ಬರೇ ನಕ್ಕವರಲ್ಲ, ಸ್ವಾಮಿ. ಅಪ್ಪನಿಗೆ ಸುಳ್ಳುಬುರುಕ ಎಂದೇ ಹೆಸರು ಬಿತ್ತು. ಸಾಯುವ ಮುಂಚೆ ನನ್ನ ಕೈ ಹಿಡಿದು, “ನಾನಂತೂ ಅದನ್ನ ನೋಡಿಲ್ಲ ಕಣೋ. ಆದ್ರೆ ನಮ್ಮಜ್ಜ ಸುಳ್ಳು ಹೇಳೋನಲ್ಲ” ಅಂದ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈಗ ನಮ್ಮ ಕುಲದ ಕೆರೆಯಲ್ಲೇ ಮೂಳೆ ಸಿಕ್ಕಿದೆ. ಫನಾಹಿಯ ಮಾತು ನಿಜ ಎಂದು ಅಧ್ಯಕ್ಷರೇ ಸಾರಿದರು, ನೀವು ಚಪ್ಪಾಳೆ ತಟ್ಟಿದಿರಿ. ಸಂತೋಷ. ಆದರೆ ಮೂಳೆಯ ಮೇಲಿನ ಗೆರೆಗಳನ್ನು ನೋಡಿದಿರಾ? ಮೊಸಳೆಯ ಹಲ್ಲಿರಬೇಕಲ್ಲವೇ ಎಂದು ಅಮ್ಮನವರನ್ನು ಆಸೆಯಿಂದ ಕೇಳಿದೆ. “ಇಲ್ಲ ಮೇಷ್ಟ್ರೇ, ಕತ್ತಿ. ಮಾಂಸ ಬಿಡಿಸಿದಾರೆ. ಯಾರ ಕೈ ಅಂತ ಮೂಳೆ ಹೇಳಲ್ಲ” ಎಂದರು.

ಮೂಳೆ ಹೇಳದಿದ್ದರೇನು, ಕೆರೆ ಯಾರದು? ಅಪ್ಪ ಸುಳ್ಳುಬುರುಕನಲ್ಲ ಎಂದರೆ ನಮ್ಮವರು ಅದನ್ನು ಕಂಡಿದ್ದರು. ಕಂಡವರು ತಿಂದೂ ಇದ್ದರು. ಚಪ್ಪಾಳೆಯನ್ನು ಮಾತ್ರ ಇಟ್ಟುಕೊಂಡು ಕತ್ತಿಯನ್ನು ಪಕ್ಕದೂರಿಗೆ ಕೊಡಲಾದೀತೇ? ಬಹುಶಃ ತಿಂದು ಮುಗಿಸಿದ ಮೇಲೆಯೇ ನಾವು ವ್ರತ ಹಿಡಿದೆವು.

ಇನ್ನು ಉಳಿಸಿಕೊಂಡ ಕ್ಷಮೆ. ಈ ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು? ಅಧ್ಯಕ್ಷರಲ್ಲ. ನಮ್ಮ ಪೂರ್ವಜರು ಈ ದ್ವೀಪಕ್ಕೆ ದೋಣಿಯಲ್ಲಿ ಬಂದಿಳಿದಾಗ ಆಗಲೇ ಇಲ್ಲಿದ್ದದ್ದು ಮೇಜಿನ ಮೇಲಿದೆ. ಜೋಲುಕಿವಿಯೇ, ಹಿರಿಯಳಾದ ನೀನಿರುವಾಗ ನಾವು ಬಾಯಿ ತೆರೆದೆವು. ಕ್ಷಮಿಸು.

ಕೇಳಿಸಿಕೊಂಡ ನಿಮಗೆಲ್ಲ ವಂದನೆ, ನಮಸ್ಕಾರ.