ತಾಯಿಯ ನಂಬರು

ಗುರುತಿನ ನಂಬರು ಕೊಡುವ ಕಚೇರಿಯಲ್ಲಿ ಬೆಳಗಿನಿಂದ ಟೋಕನ್ ಹಿಡಿದು ಕೂತಿದ್ದ ದರ್ಜಿಗೆ, ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಂಗಿಯ ತೊಡೆಯ ಮೇಲೆ ಐದು ವರ್ಷದ ಹುಡುಗಿ ಕೂತು ಅವಳ ಬಳೆಗಳನ್ನು ತಿರುಗಿಸುತ್ತಿದ್ದಳು.

"ಒಳಗೆ ಏನಂದ್ರು ಅಕ್ಕಾ?"

"ಪಕ್ಕದ್ಮನೆಯವರ ಕಥೆ ಅಂತ ಹೇಳಿ ಕೇಳ್ದೆ. ಯಾರ ನಂಬರಲ್ಲಿ ಹೆರಿಗೆ ಆಗಿದೆಯೋ ಅವರೇ ತಾಯಿ ಅಂತೆ. ತಿದ್ದೋಕಾಗಲ್ವಂತೆ."

"ನಂಗೆ ಆಗಿನ್ನೂ ನಂಬರ್ ಬಂದಿರ್ಲಿಲ್ಲ, ಅದಕ್ಕೇ ನಿನ್ನ ಕಾರ್ಡ್ ತೋರಿಸಿದ್ವಿ ಅಂದ್ರೆ?"

"ಬೇರೆಯವರ ನಂಬರ್ ಬಳಸಿದ್ರೆ ಇಬ್ರಿಗೂ ಜೈಲು ಅಂದ್ರು."

"ನಂಬರ್ ಇಲ್ದೆ ಒಳಗೆ ಬಿಡಲ್ಲ ಅಂದಿದ್ರು, ನೋವು ತಿಂತಾ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ನಲ್ಲ, ಬೀಸೋ ದೊಣ್ಣೆ ತಪ್ಪಿದ್ರೆ ಸಾಕಾಗಿತ್ತು ಆವತ್ತು."

"ಇವತ್ತು ಇವಳಿಗೆ ನಂಬರ್ ಆಗ್ದಿದ್ರೆ ಸ್ಕೂಲಲ್ಲಿ ಸೇರಿಸ್ಕೊಳ್ಳಲ್ಲ ಕಣೇ. ನನ್ನ ಮಗಳು ಅಂತಲೇ ಮಾಡಿಸಿಬಿಡೋಣ."

"ನಾನು?"

"ಚಿಕ್ಕಮ್ಮ. ಬರೀ ಕಾಗದದಲ್ಲಿ."

"ನಾಳೆ ಇವಳಿಗೆ ಆಪರೇಷನ್ ಅದು ಇದು ಅಂತ ಬಂದ್ರೆ ಸಹಿ ಯಾರು ಹಾಕೋದು?"

ಅಕ್ಕ ನೆಲ ನೋಡಿದಳು.

"ನಾನೇ ಹಾಕ್ಬೇಕಾಗುತ್ತೆ."

ಒಳಗಿನಿಂದ ಗುಮಾಸ್ತ ಕೂಗಿದ: "ನಲವತ್ತೆರಡು! ಮಗು, ಮಗುವಿನ ತಾಯಿ. ಬೇರೆ ಯಾರೂ ಬರೋ ಹಾಗಿಲ್ಲ."

ಅಕ್ಕತಂಗಿ ಇಬ್ಬರೂ ಒಟ್ಟಿಗೆ ಎದ್ದರು. ತಂಗಿ ಮತ್ತೆ ಕೂತಳು. ಬಳೆ ಬಿಡಲೊಲ್ಲದ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವಿನ ಕೈಯನ್ನು ಅಕ್ಕನ ಕೈಗಿಟ್ಟಳು.

"ಅಮ್ಮಾ, ನೀನೂ ಬಾ."

"ಹೋಗು ಪುಟ್ಟಿ. ಒಳಗೆ ಯಾರಾದ್ರೂ ಕೇಳಿದ್ರೆ, ದೊಡ್ಡಮ್ಮನ್ನೇ ಅಮ್ಮ ಅನ್ನು."