ಬುಡದ ಕಡೆ

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೊಣಕಾಲೆತ್ತರವೂ ಇಲ್ಲದ ಬೆಂಚು ಹಾಕಿಸಿದ ಪುಣ್ಯಾತ್ಮ ಯಾರೋ! ನನ್ನ ಪಕ್ಕದಲ್ಲಿ ಇಬ್ಬರು ಕೂತಿದ್ದರು. ಇಬ್ಬರದೂ ಒಂದೇ ಗೋದಾಮಿನ ನೀಲಿ ಅಂಗಿ. ಸೊಂಟ ಹಿಡಿದುಕೊಂಡಿದ್ದ ಹಿರಿಯನನ್ನು ಕಿರಿಯ ಭಾವ ಅನ್ನುತ್ತಿದ್ದ.

“ಭಾವ, ಕಾಲು ಜೋಮು ಹಿಡಿಯೋದನ್ನೂ ಡಾಕ್ಟರಿಗೆ ಹೇಳಿ.”

“ಹೇಳಿದ್ರೆ ಭಾರ ಎತ್ತಬೇಡ ಅಂತಾರೆ. ಆಮೇಲೆ ಗೋದಾಮಲ್ಲಿ ನಂಗೇನು ಕೆಲಸ, ನೊಣ ಹೊಡೆಯೋದಾ?”

“ಫ್ರಿಜ್ಜು ಎತ್ತೋವಾಗ ಬುಡದ ಕಡೆ ನಾನೇ ಹಿಡೀತಿದ್ದೀನಲ್ಲ. ಮುಂದೂ ಹಿಡೀತೀನಿ.”

“ಫ್ರಿಜ್ಜಿನ ಭಾರವೆಲ್ಲ ಬುಡದಲ್ಲೇ ಇರೋದು ಕಣೋ. ನಿನ್ನೆ ಯಾಕೆ ಗೋಡೆಗೆ ಒರಗಿ ನಿಂತಿದ್ದೆ?”

“ಸುಸ್ತಾಗಿತ್ತು.”

“ಸುಳ್ಳು ಹೇಳ್ಬೇಡ. ಅಂಗಿ ಎತ್ತು.”

ಕಿರಿಯ ಎತ್ತಲಿಲ್ಲ. ಹಿರಿಯನೇ ಎತ್ತಿದ. ಒಳಗೆ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದಿತ್ತು.

“ಯಾವಾಗಿಂದ ಇದು?”

“ನಿಮ್ಮ ಪಾಲಿಂದೂ ಎತ್ತೋಕೆ ಶುರು ಮಾಡಿದಾಗಿಂದ.”

“ನಿಮ್ಮಕ್ಕನಿಗೆ ಗೊತ್ತಾ?”

“ನಿಮ್ಮ ಸೊಂಟನೋವೇ ಅವಳಿಗೆ ಗೊತ್ತಿಲ್ಲ.”

“ಇಬ್ಬರೂ ಮಲಗಿಬಿಟ್ರೆ ಮನೆ ಗತಿಯೇನೋ?”

“ಅದಕ್ಕೇ ನೀವೊಬ್ಬರೇ ತೋರಿಸ್ಕೊಳ್ಳಿ. ನಂಗೇನೂ ಆಗಿಲ್ಲ.”

ನರ್ಸ್ ಬಾಗಿಲು ತೆರೆದು ಕರೆದಳು. ಹಿರಿಯನಿಗೆ ಏಳಲು ಆಗಲಿಲ್ಲ. ಎಬ್ಬಿಸಲು ಹೋದ ಕಿರಿಯ ಅರ್ಧಕ್ಕೇ ಹಲ್ಲು ಕಚ್ಚಿ ಮತ್ತೆ ಕೂತ. ಕೊನೆಗೆ ಒಬ್ಬರ ತೋಳನ್ನೊಬ್ಬರು ಹಿಡಿದರು.

“ಒಂದು, ಎರಡು, ಐಸಾ!” ಅಂದ ಕಿರಿಯ, ಪೆಟ್ಟಿಗೆ ಎತ್ತುವವನ ಹಾಗೆ.

ಇಬ್ಬರೂ ಎದ್ದರು.

“ಪೇಷೆಂಟ್ ಯಾರು?” ನರ್ಸ್ ಕೇಳಿದಳು.

“ಇವನು,” ಅಂದ ಹಿರಿಯ.

“ಇವರು,” ಅಂದ ಕಿರಿಯ.

ಹಿಡಿದ ತೋಳನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಬಿಟ್ಟಿದ್ದರೆ ಇಬ್ಬರೂ ಬೀಳುತ್ತಿದ್ದರು. ಹಾಗೇ ಒಳಗೆ ಹೋದರು.